ಅಪ್ಪನ ಕಾರ್ಪೆಟ್ಟಿನ ನಾಲ್ಕನೆಯ ಮೂಲೆ

ಯಡಿಯೂರು, ಬೆಂಗಳೂರು
ಭಾನುವಾರ, 10 ಆಗಸ್ಟ್ 2025

ಪ್ರೀತಿಯ ತಮ್ಮ ನರೇಂದ್ರನಿಗೆ,

ಅಪ್ಪನ ಹಸಿರು ಕಾರ್ಪೆಟ್ಟಿನ ಮೂರು ಮೂಲೆಗಳು ಒಣಗಿವೆ. ನಾಲ್ಕನೆಯದು, ಬಚ್ಚಲುಮನೆಯ ಬಾಗಿಲಿನ ಕಡೆಯದು, ಇನ್ನೂ ಒದ್ದೆಯಿದೆ. ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿ ಹೀಗೆ ಹೇಳಿದವರು ಬಿಳೇಕಹಳ್ಳಿಯ ಜಯಸಿಂಹ. ಆಫೀಸುಗಳ ಸೋಫಾ, ಕಾರ್ಪೆಟ್ಟು ತೊಳೆದು ಒಣಗಿಸುವುದು ಅವರ ಕಸುಬು. ಕ್ಷೇಮ ಕೇಳುವ ಮೊದಲೇ ಅಕ್ಕ ಒದ್ದೆಯ ಸುದ್ದಿ ಹೇಳುತ್ತಿದ್ದಾಳಲ್ಲ ಎಂದುಕೊಳ್ಳಬೇಡ. ದೊಡ್ಡ ಸುದ್ದಿ ಮೇಲೆ, ಅದನ್ನು ಹೇಳಿದವರು ಯಾರು ಎನ್ನುವುದು ಅದರ ಕೆಳಗೆ. ಅಪ್ಪ ಆಫೀಸಿನಿಂದ ಹಿಂದಿನ ದಿನದ ಪೇಪರ್ ತಂದು ನಮ್ಮಿಬ್ಬರಿಂದ ಜೋರಾಗಿ ಓದಿಸುತ್ತಿದ್ದಾಗ ಕಲಿತ ಕ್ರಮ ಇದು. ಈಗ ಬಿಡಲು ಬರುವುದಿಲ್ಲ.

ನೀನು ಹೇಗಿದ್ದೀಯ? ರಮ್ಯ ಹೇಗಿದ್ದಾಳೆ? ಲಿಖಿತಾ ಹೇಗಿದ್ದಾಳೆ, ಶಾಲೆಗೆ ಸರಿಯಾಗಿ ಹೋಗುತ್ತಿದ್ದಾಳೆಯೆ? ಮೂವರದ್ದೂ ಬೇರೆ ಬೇರೆಯಾಗಿ ಬರೆ, ಎಲ್ಲರೂ ಚೆನ್ನಾಗಿದ್ದೇವೆ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡ. ನಮ್ಮ ಪತ್ರಿಕೆಯಲ್ಲಿ ಪೋರ್ಟ್ ಬ್ಲೇರಿನ ಹವೆ ಹಾಕುವುದಿಲ್ಲ. ಮಹಡಿಯಲ್ಲಿ ಬಾಡಿಗೆಗಿರುವ ಮಧುಶ್ರೀಯ ಫೋನಿನಲ್ಲಿ ದಿನಾ ನೋಡುತ್ತೇನೆ. ಈ ವಾರ ಆರು ದಿನ ನಿಮ್ಮಲ್ಲಿ ಮಳೆ. ಹವಾಮಾನ ಇಲಾಖೆಯಲ್ಲಿದ್ದೂ ನೀನು ಛತ್ರಿ ಮರೆಯುವವನು. ಮಳೆ ಬರುತ್ತದೆಂದು ಊರಿಗೆಲ್ಲ ಹೇಳಿ ತಾನು ನೆನೆಯುವವನು ಎಂದು ಅಮ್ಮ ಇದ್ದಿದ್ದರೆ ಅನ್ನುತ್ತಿದ್ದಳು. ನನಗೆ ಆರೋಗ್ಯ ಇದೆ. ಬಿಪಿ ಹತೋಟಿಯಲ್ಲಿದೆ. ಮಂಡಿ ಮೊದಲಿನ ಹಾಗೇ ಇದೆ. ಬೆಳಿಗ್ಗೆ ಕೆರೆ ಸುತ್ತ ಒಂದು ಸುತ್ತು ಹಾಕುತ್ತೇನೆ, ಮೊದಲು ಎರಡು ಹಾಕುತ್ತಿದ್ದೆ.

ಏಪ್ರಿಲ್ 20ರ ಭಾನುವಾರದ ನಂತರ ನಿನ್ನ ಫೋನ್ ಬಂದಿಲ್ಲ. ನಾನೂ ಮಾಡಿಲ್ಲ. ಇಂದಿಗೆ ಹದಿನಾರು ವಾರ. ಆ ಸಂಜೆ ನೀನು ಕಳಿಸಿದ ಒಂದು ಸಾಲಿನ ಮೆಸೇಜು ಹಾಗೇ ಇದೆ, ಅಳಿಸಿಲ್ಲ. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಆಗಸ್ಟ್ 31ಕ್ಕೆ ಅಪ್ಪ ಹೋಗಿ ಒಂದು ವರ್ಷ ತುಂಬುತ್ತದೆ, ಅವತ್ತು ಭಾನುವಾರ. ಹತ್ತು ಗಂಟೆಗೆ ಬುದ್ಧವಿಹಾರದಿಂದ ಭಂತೇಜಿ ಬರಲು ಒಪ್ಪಿದ್ದಾರೆ. ಅಪ್ಪ ಪ್ರತಿ ಭಾನುವಾರ ಕೂತ ಕಾರ್ಪೆಟ್ಟಿನ ಮೇಲೆಯೇ ಎಲ್ಲರೂ ಕೂತು ವಂದನೆ ಹೇಳಬೇಕೆಂದು ನನ್ನ ಆಸೆ. ನೀವು ಮೂವರು ಬರುತ್ತೀರೋ ಇಲ್ಲವೋ ಗೊತ್ತಿಲ್ಲ. ಅದು ನಿನ್ನ ಕೈಯಲ್ಲಿದೆ. ಕಾರ್ಪೆಟ್ ಒಣಗಿಸುವುದು ನನ್ನ ಕೈಯಲ್ಲಿದೆ, ಅದನ್ನು ಮಾಡುತ್ತಿದ್ದೇನೆ.

ಆದದ್ದು ಹೀಗೆ. ನಮ್ಮ ಬೀದಿಗೆ ಕಾವೇರಿ ನೀರು ಈಗಲೂ ದಿನ ಬಿಟ್ಟು ದಿನ, ಬೆಳಗಿನ ಆರರಿಂದ ಎಂಟರೊಳಗೆ ಯಾವಾಗ ಬೇಕಾದರೂ. ಅಮ್ಮ ಮಾಡುತ್ತಿದ್ದ ಉಪಾಯ ನಿನಗೆ ನೆನಪಿದೆ: ಬಚ್ಚಲುಮನೆಯ ನಲ್ಲಿ ಬಿಚ್ಚಿಟ್ಟು, ಅದರ ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕುವುದು. ನೀರು ಬಂದ ತಕ್ಷಣ ತಟ್ಟೆ ಬಡಿದುಕೊಳ್ಳುತ್ತದೆ, ಎದ್ದು ಹೋಗಿ ಡ್ರಮ್ಮಿಗೆ ಪೈಪು ಹಾಕುವುದು. 'ನಮ್ಮನೆ ತಟ್ಟೆ ಬಡಿದ್ರೆ ಮೂರನೇ ಮನೆಯೋರು ಏಳ್ತಾರೆ' ಎಂದು ಅಮ್ಮನಿಗೆ ಹೆಮ್ಮೆ. ಮೊನ್ನೆ ಬುಧವಾರವೂ ತಟ್ಟೆ ಇಟ್ಟೆ. ದಿವಾನದ ಮೇಲೆ ಒರಗಿದವಳಿಗೆ ಕಣ್ಣು ಹತ್ತಿತು. ನೀರು ಬಂದಿದೆ, ತಟ್ಟೆ ಜಾರಿದೆ, ಜಾರಿ ಹೋಗಿ ನೀರು ಹೋಗುವ ಜಾಲರಿಯ ಮೇಲೆಯೇ ಮುಚ್ಚಳದಂತೆ ಕೂತಿದೆ. ಬಚ್ಚಲು ತುಂಬಿ, ಹೊಸ್ತಿಲು ದಾಟಿ, ನೀರು ನಡುಮನೆಗೆ ಬಂದಿದೆ. ಕಾರ್ಪೆಟ್ಟಿನ ಮೇಲೆ ಹರಿದಿದ್ದರೆ ಕಣ್ಣಿಗೆ ಬೀಳುತ್ತಿತ್ತೋ ಏನೋ. ಅದು ಕೆಳಗೆ ನುಗ್ಗಿತು. ಅಡಿಯಲ್ಲಿ ಹಾಸಿದ್ದ, ದಪ್ಪ ಕಂಬಳಿಯಂಥ ಫೆಲ್ಟು ಸದ್ದಿಲ್ಲದೆ ಕುಡಿದುಕೊಂಡಿತು. ಏಳು ಗಂಟೆ ಐದು ನಿಮಿಷಕ್ಕೆ ಮಧುಶ್ರೀ ಬಾಡಿಗೆ ಮನೆಯ ಬೀಗದಕೈ ಕೊಡಲು ಇಳಿದು ಬಂದವಳು ಕಾರ್ಪೆಟ್ಟಿನ ಮೇಲೆ ಕಾಲಿಟ್ಟಳು, ಬೆರಳುಗಳ ನಡುವೆ ನೀರು ಚಿಮ್ಮಿತು. ಕಣ್ಣು ಹತ್ತಿತು ಎಂದೇ ಎಲ್ಲರಿಗೂ ಹೇಳಿದ್ದೇನೆ.

ಸದ್ದು ಕೇಳಿ ಪಕ್ಕದ ಮನೆಯ ಗೌರಮ್ಮ ಬಂದರು. ಬಾಗಿಲಲ್ಲೇ ನಿಂತು, 'ಇದೇನೇ ಶಾಂತಲಾ, ಯಡಿಯೂರು ಕೆರೆ ಮೆಟ್ಲು ಹತ್ತಿ ನಿಮ್ಮನೇಗೇ ಬಂದ್‌ಬಿಟ್ಟಿದ್ಯಲ್ಲ' ಎಂದು ನಕ್ಕರು. ಆಮೇಲೆ ಸೀರೆ ಎತ್ತಿ ಕಟ್ಟಿ ಒರೆಸಲು ಅವರೇ ಮೊದಲು ಕೂತರು. ಮೂವರೂ ಹಳೇ ಟವೆಲು, ಬೆಡ್‌ಶೀಟು ಒತ್ತಿ ಹಿಂಡಿದೆವು. ಫ್ಯಾನನ್ನು ಐದಕ್ಕೆ ಇಟ್ಟೆ. ಬಿಸಿಲಿಗೆ ಹಾಕಿದರೆ ಮಧ್ಯಾಹ್ನಕ್ಕೆ ಹಪ್ಪಳ ಆಗುತ್ತದೆ ಎಂದು ಗೌರಮ್ಮ ಹೇಳಿದರು, ಆದರೆ ಬಿಸಿಲೇ ಇರಲಿಲ್ಲ, ದಿನವಿಡೀ ಜಿನುಗು ಮಳೆ. ಒಂದು ಇಸ್ತ್ರಿ ಎಳೆದುಬಿಡು ಎಂದೂ ಹೇಳಿದರು, ಅದನ್ನು ಮಾಡಲಿಲ್ಲ. ಸಂಜೆಗೆ ಅಂಗೈ ಇಟ್ಟು ನೋಡಿದೆ, ಒಣಗಿದೆ ಅನ್ನಿಸಿತು. ಸಮಾಧಾನವಾಗಿ ಮಲಗಿದೆ. ಇದು ನನ್ನ ತಪ್ಪು. ಗುರುವಾರ ಸಂಜೆ ನಡುಮನೆಯಲ್ಲಿ ಮುಗ್ಗಲು ವಾಸನೆ ಎದ್ದಿತು, ಮಳೆಗೆ ನೆನೆದ ಗೋಣಿಚೀಲದ ವಾಸನೆ. ಅಪ್ಪನ ಫೋಟೋದ ಮುಂದೆ ಅಗರಬತ್ತಿ ಹಚ್ಚಿದೆ, ವಾಸನೆ ಅದನ್ನೂ ಮೀರಿ ಬಂತು.

ಆಗ ನಿಜವಾಗಿ ಹೆದರಿದೆ. ಆ ಕಾರ್ಪೆಟ್ಟು ಎಲ್ಲಿಂದ ಬಂತೆಂದು ಲಿಖಿತಾಗೆ ನೀನು ಹೇಳಿದ್ದೀಯೋ ಇಲ್ಲವೋ. ಹೇಳಿಲ್ಲವಾದರೆ ಈ ಭಾಗ ಅವಳಿಗೆ ಓದಿಸು. ನಿಮ್ಮ ತಾತ ಸಂಜೀವಯ್ಯ ಇಪ್ಪತ್ತಾರು ವರ್ಷ ದೊಡ್ಡ ಸಾಹೇಬರೊಬ್ಬರ ಕೋಣೆಯ ಅಟೆಂಡರ್ ಆಗಿದ್ದರು. ಸಾಹೇಬರು ಬದಲಾಗುತ್ತಿದ್ದರು, ಕಾರ್ಪೆಟ್ಟು ಅದೇ ಇತ್ತು. ಬೆಳಿಗ್ಗೆ ಅದಕ್ಕೆ ಬ್ರಷ್ ಹಾಕುವುದು ತಾತನ ಕೆಲಸ, ಅದಕ್ಕೆ ಮಾತ್ರ ಬರಿಗಾಲಲ್ಲಿ ಅದರ ಮೇಲೆ ಹೋಗಬಹುದಿತ್ತು. ಸಾಹೇಬರು ಬಂದು ಕೂತ ಮೇಲೆ ಟ್ರೇ ಹಿಡಿದು ಅದರ ಅಂಚಿಗೆ ನಿಲ್ಲಬೇಕು; ಅಲ್ಲಿಂದ ಲೋಟವನ್ನು ಸಾಹೇಬರ ಮೇಜಿಗೆ ಒಯ್ಯುವವರು ಬೇರೆ. ಹೀಗೆಂದು ಎಲ್ಲೂ ಬರೆದಿರಲಿಲ್ಲ. ಆಫೀಸು ಹೊಸದು ಮಾಡಿದಾಗ ಹಳೆ ಸಾಮಾನು ಹರಾಜು ಹಾಕಿದರು. ಬೇರೆಯವರೆಲ್ಲ ಕುರ್ಚಿ, ಬೀರು ನೋಡುತ್ತಿದ್ದರೆ ತಾತ ಕಾರ್ಪೆಟ್ಟಿಗೆ ಬೆಲೆ ಕೂಗಿದರು. ಗಾಡಿಯಲ್ಲಿ ಹಾಕಿಸಿಕೊಂಡು ಬಂದು, ಸೋಫಾ ಹೊಲಿಯುವ ಬೋರಯ್ಯನಿಂದ ಕತ್ತರಿಸಿ ಅಂಚು ಕಟ್ಟಿಸಿ ನಡುಮನೆಗೆ ಹಾಸಿದರು. ಅವತ್ತಿನಿಂದ ಮನೆಗೆ ಯಾರೇ ಬಂದು ಬಾಗಿಲಲ್ಲಿ ತಡವರಿಸಿದರೂ ಒಂದೇ ಮಾತು: 'ಅಂಚಲ್ಲಿ ಯಾಕಪ್ಪ ನಿಂತಿದೀಯ? ಬಾ, ಮಧ್ಯಕ್ಕೆ ಬಂದು ಕೂತ್ಕೊ.' ಹಾಲು ಹಾಕುವವರಿಗೂ ಅದೇ, ಗೌರಮ್ಮನಿಗೂ ಅದೇ, ಬಾಬಾಸಾಹೇಬರ ಜಯಂತಿಗೆ ಕರೆಯಲು ಬಂದವರಿಗೂ ಅದೇ. ಅದು ಕೊಳೆತು ಹೋದರೆ 31ನೇ ತಾರೀಕು ನಾನು ಬಾಡಿಗೆ ಚಾಪೆ ಹಾಸಬೇಕಾಗುತ್ತಿತ್ತು.

ಗುರುವಾರ ಸಂಜೆ ನಿನಗೆ ಫೋನ್ ಮಾಡಲು ಕೈಗೆತ್ತಿಕೊಂಡೆ. ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಅಳೆಯುವುದೇ ನಿನ್ನ ಕೆಲಸ. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂದು ನಿನ್ನನ್ನಲ್ಲದೆ ಯಾರನ್ನು ಕೇಳಲಿ? ಎಂಟನೇ ಕ್ಲಾಸಿನಲ್ಲಿ ನೀನು ಬಟ್ಟೆ ಒಣಗಿಸುವ ತಂತಿಗೆ ಎರಡು ಥರ್ಮಾಮೀಟರ್ ಕಟ್ಟಿ, ಒಂದಕ್ಕೆ ಅಮ್ಮನ ಸೀರೆಯ ಚೂರು ಸುತ್ತಿ ಒದ್ದೆ ಮಾಡಿ, ಎರಡರ ವ್ಯತ್ಯಾಸ ನೋಡಿ 'ಅಮ್ಮಾ, ಇವತ್ತು ಬಟ್ಟೆ ಒಣಗಲ್ಲ, ನಾಳೆ ಒಗಿ' ಎಂದು ಹೇಳುತ್ತಿದ್ದೆ. ಅಮ್ಮ ಆದರೂ ಒಗೆಯುತ್ತಿದ್ದಳು. ಬಟ್ಟೆ ಒಣಗುತ್ತಿರಲಿಲ್ಲ. ನಂಬರು ಒತ್ತಿದೆ, ರಿಂಗಾಗುವ ಮೊದಲೇ ನಿಲ್ಲಿಸಿದೆ. ಮಧುಶ್ರೀ ಜಯನಗರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಲ್ಲಿ ಯಾರನ್ನೋ ಕೇಳಿ ಜಯಸಿಂಹರ ನಂಬರು ತಂದಳು.

ಜಯಸಿಂಹ ಶುಕ್ರವಾರ ಬೆಳಿಗ್ಗೆ ಬಂದರು. ನಲವತ್ತು ದಾಟಿದವರು, ಮಾತು ಹೆಚ್ಚು, ಕೆಲಸ ಅದಕ್ಕಿಂತ ಹೆಚ್ಚು. ಒಣಗಿದೆ ಅಂದುಕೊಂಡಿದ್ದೆ ಎಂದು ಹೇಳಿದೆ. 'ಮೇಡಂ, ಕಾರ್ಪೆಟ್ ಬೆನ್ನು ಸವರಿದ್ರೆ ಸುಳ್ಳು ಹೇಳತ್ತೆ. ಹೊಟ್ಟೆ ನೋಡ್ಬೇಕು' ಎಂದು ಒಂದು ಮೂಲೆ ಹಿಡಿದು ಎತ್ತಿದರು. ಕೆಳಗಿನ ಫೆಲ್ಟು ಹಿಂಡಿದರೆ ನೀರು ಬರುವ ಸ್ಥಿತಿಯಲ್ಲಿತ್ತು, ಅಲ್ಲಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ. ಎರಡು ದಿನ ಒದ್ದೆ ನಿಂತರೆ ಬೂಷ್ಟು ಹಿಡಿಯಲು ಶುರುವಾಗುತ್ತದಂತೆ. ಫೆಲ್ಟು ಉಳಿಯುವುದಿಲ್ಲ, ಬಿಸಾಕಲೇಬೇಕು. ಕಾರ್ಪೆಟ್ಟು ಅಪ್ಪಟ ಉಣ್ಣೆ, ಬೂಷ್ಟು ಇನ್ನೂ ಅದಕ್ಕೆ ಹತ್ತಿಲ್ಲ, ಉಳಿಸಬಹುದು ಎಂದರು. ಗೌರಮ್ಮ ಬಾಗಿಲಿನಿಂದ, ನಾನು ಆವತ್ತೇ ಇಸ್ತ್ರಿ ಹಾಕು ಅಂದೆ ಎಂದು ದನಿ ಸೇರಿಸಿದರು. 'ಇಸ್ತ್ರೀನಾ? ಆಂಟಿ, ನೀವು ದಯವಿಟ್ಟು ಎರಡು ದಿನ ಈ ಕಡೆ ಬರ್ಬೇಡಿ' ಎಂದರು ಜಯಸಿಂಹ. 'ಏನಯ್ಯಾ, ನಮ್ಮನೇಲೂ ಕಂಬಳಿ ಒಗ್ದಿದೀವಿ ಕಣಯ್ಯಾ' ಎಂದು ಗೌರಮ್ಮ ಸಿಟ್ಟಾದರು. ಹತ್ತು ನಿಮಿಷದಲ್ಲಿ ಜಯಸಿಂಹರಿಗೆ ಕಾಫಿ ಮಾಡಿ ತಂದವರೂ ಅವರೇ.

ಕೆಲಸದ ಕ್ರಮ ನಿನಗೆ ಬರೆಯುತ್ತೇನೆ, ಸಮುದ್ರದ ಪಕ್ಕ ಇರುವ ನಿನಗೆ ಬೇಕಾದೀತು. ಮೊದಲು ನೀರೆಳೆಯುವ ವ್ಯಾಕ್ಯೂಮಿನಿಂದ ಒಂದೇ ಜಾಗದ ಮೇಲೆ ನಿಧಾನವಾಗಿ ನಾಲ್ಕೈದು ಸಲ ಎಳೆದರು. ನಾನು ಒಣಗಿದೆ ಎಂದುಕೊಂಡಿದ್ದ ಕಾರ್ಪೆಟ್ಟಿನಿಂದ ಒಂದೂವರೆ ಬಕೆಟ್ ನೀರು ಬಂತು. ಫೆಲ್ಟನ್ನು ಮಡಿಚದೆ ಚೂರು ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು, ಇಲ್ಲವಾದರೆ ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ. ನೆಲ ಒರೆಸಿ ಒಣಗಿಸಿದರು. ಆಮೇಲೆ ಕಾರ್ಪೆಟ್ಟನ್ನು ನಾಲ್ಕು ಪ್ಲಾಸ್ಟಿಕ್ ಸ್ಟೂಲು, ಎರಡು ಬೆಂಚುಗಳ ಮೇಲೆ ಹರಡಿ ನೆಲದಿಂದ ಎತ್ತರಿಸಿದರು. ಫ್ಯಾನು ಮೇಲಿನಿಂದ ಊದಿದರೆ ಸಾಲದು, ಒಂದು ಟೇಬಲ್ ಫ್ಯಾನು ಅಡಿಯಲ್ಲಿ, ಒಂದು ಮೇಲೆ, ಎರಡೂ ಅಡ್ಡಡ್ಡಲಾಗಿ ಬೀಸಬೇಕು. ಜೊತೆಗೆ ಗಾಳಿಯಿಂದ ನೀರು ಹೀರಿ ತೊಟ್ಟಿಗೆ ತುಂಬುವ ಒಂದು ಮೆಷಿನ್ ಇಟ್ಟು ಹೋದರು. ಮೆಷಿನ್ ಓಡುವಾಗ ಕಿಟಕಿ ತೆಗೆಯಬಾರದು, ಮಳೆಗಾಲದ ಗಾಳಿ ಒಳಗೆ ಬಂದರೆ ಮೆಷಿನ್ ಬೆಂಗಳೂರನ್ನೆಲ್ಲ ಒಣಗಿಸಲು ಹೊರಡುತ್ತದೆ ಎಂದರು. ಅಂದರೆ ನನ್ನ ಪ್ರಶ್ನೆಗೆ ಉತ್ತರ, ಮುಚ್ಚಬೇಕು. ನೀನೂ ಅದನ್ನೇ ಹೇಳುತ್ತಿದ್ದೆಯೆ? ಇದನ್ನೆಲ್ಲ ಅವರು ಕೆಲಸ ಮಾಡುತ್ತಾ ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದರು. ಕೊನೆಗೆ ಒಂದು ಹಾಳೆ ಕೊಟ್ಟು, ಎಲ್ಲ ಬರೆದುಕೊಡಿ ಎಂದೆ. ಬೇಸರಿಸದೆ ಬರೆದರು.

ಮೀಟರಿಗೆ ಎರಡು ಸೂಜಿ. ಚುಚ್ಚಿದರೆ ಕೆಂಪು, ಹಳದಿ, ಹಸಿರು ದೀಪ. ಶುಕ್ರವಾರ ಎಲ್ಲೆಲ್ಲೂ ಕೆಂಪು. ನಿನ್ನೆ ಎರಡು ಮೂಲೆ ಹಳದಿ. ಇವತ್ತು ಮೂರು ಮೂಲೆ, ಮಧ್ಯ, ಎಲ್ಲ ಹಸಿರು. ನಾಲ್ಕನೆಯದು ಮಾತ್ರ ಹಳದಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು ತೊಟ್ಟಿಯ ನೀರು ಅಳೆದು ಇಟ್ಟಿದ್ದೇನೆ: ಮೊದಲ ದಿನ ನಾಲ್ಕು ಲೀಟರ್, ಎರಡನೇ ದಿನ ಮೂರು, ಇವತ್ತು ಒಂದಕ್ಕಿಂತ ಸ್ವಲ್ಪ ಕಡಿಮೆ. ನಿನ್ನ ಆಫೀಸಿನವರು ನೋಡಿದರೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಮೆಷಿನ್ ಸದ್ದಿಗೆ ನಿದ್ದೆ ಬರುತ್ತಿಲ್ಲ ಆಂಟಿ ಎಂದು ಮಧುಶ್ರೀ ಮಹಡಿಯಿಂದ ಇಳಿದು ಬಂದು ಹೇಳಿದಳು. ನನಗೇನೂ ತೊಂದರೆ ಇಲ್ಲ.

ಮನೆ ಈಗ ವಿಚಿತ್ರವಾಗಿದೆ. ನಡುಮನೆಯಲ್ಲಿ ಕಾರ್ಪೆಟ್ಟು ಗಾಳಿಯಲ್ಲಿ ಮಲಗಿದೆ, ಕೆಳಗೆ ಕೆಂಪು ನೆಲ. ಮೂವತ್ತು ವರ್ಷದ ನಂತರ ಆ ನೆಲ ನೋಡಿದೆ. ನೀನು ಲಗೋರಿ ಕಲ್ಲು ಎಸೆದು ಸೀಳಿದ ಗೆರೆ ಹಾಗೇ ಇದೆ. ನನಗೆ ಕೂರಲು ಜಾಗವಿಲ್ಲದೆ ಅಡುಗೆಮನೆಯ ಮೆಟ್ಟಿಲ ಮೇಲೆ ಊಟ ಮಾಡುತ್ತೇನೆ. ಮೂರು ದಿನದಲ್ಲಿ ಈ ಮನೆಗೆ ಬಂದಷ್ಟು ಜನ ಅಪ್ಪ ಹೋದ ಮೇಲೆ ಒಟ್ಟಿಗೆ ಬಂದಿರಲಿಲ್ಲ. ಕೆಲಸ ಮುಗಿದ ಮೇಲೆ ಯಾರೂ ಬರುವುದಿಲ್ಲವಲ್ಲ ಎಂದು ನಿನ್ನೆ ಒಂದು ಕ್ಷಣ ಅನ್ನಿಸಿತು. ಈ ವರ್ಷ ಭಾನುವಾರದ ವಂದನೆಗೆ ನಾನೊಬ್ಬಳೇ. ಮೊದಲು ಬರುತ್ತಿದ್ದ ನಾಲ್ಕು ಜನ ಒಬ್ಬೊಬ್ಬರಾಗಿ ನಿಲ್ಲಿಸಿದರು. ಅವರ ತಪ್ಪಲ್ಲ. ಅವರು ಮಾತಾಡಿಸಿದರೆ ನಾನು ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ. ಬುದ್ಧನ ಮುಂದೆ ದೀಪ ಹಚ್ಚಿ ಒಬ್ಬಳೇ ಹೇಳಿಕೊಂಡು ಏಳುತ್ತೇನೆ.

ಮಂಗಳವಾರ ಸಂಜೆ ಜಯಸಿಂಹ ಮತ್ತೆ ಮೀಟರ್ ತರುತ್ತಾರೆ. ನಾಲ್ಕೂ ಮೂಲೆ ಹಸಿರು ತೋರಿಸಿದರೂ ಇನ್ನೊಂದು ದಿನ ಹಾಗೇ ಬಿಟ್ಟು, ಆಮೇಲೆ ಹೊಸ ಫೆಲ್ಟು ಹಾಕಿ ಹಾಸುತ್ತಾರೆ. ಅವಸರಕ್ಕೆ ಹಾಸಿದರೆ ಒಳಗೊಳಗೇ ಕೊಳೆಯುತ್ತದೆ. 31ಕ್ಕೆ ಮೊದಲು ಎಲ್ಲ ಮುಗಿದಿರುತ್ತದೆ.

ರಮ್ಯಳಿಗೆ ನನ್ನ ಪ್ರೀತಿ ಹೇಳು. ಲಿಖಿತಾಳ ನೆತ್ತಿಯ ಮೇಲೆ ನನ್ನ ಕೈ ಇದೆ ಅಂದುಕೋ. ನಿಮ್ಮ ಮೂವರಿಗೂ ಮಂಗಳವಾಗಲಿ, ಒಣಗಿದ ಬಟ್ಟೆ, ಬಿಸಿ ಊಟ, ಗಟ್ಟಿ ನಿದ್ದೆ ತಪ್ಪದಿರಲಿ. ಜೈ ಭೀಮ್.

ನಿನ್ನ ಅಕ್ಕ,
ಶಾಂತಲಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಒಂದು ತಿದ್ದುಪಡಿ. ತಪ್ಪು ಅಚ್ಚಾದರೆ ಮರುದಿನ ಸಣ್ಣ ಅಕ್ಷರದಲ್ಲಾದರೂ ಸರಿ ಹಾಕುತ್ತಾರೆ, ಅದನ್ನೂ ಓದು ಎಂದು ಅಪ್ಪ ಹೇಳುತ್ತಿದ್ದರು. ಬುಧವಾರ ಬೆಳಿಗ್ಗೆ ನನಗೆ ಕಣ್ಣು ಹತ್ತಿರಲಿಲ್ಲ. ಎಚ್ಚರವಾಗಿ ಕೂತು ಪೇಪರ್ ಓದುತ್ತಿದ್ದೆ, ಐದನೇ ಪುಟದಲ್ಲಿದ್ದೆ. ದಿವಾನದಿಂದ ನಲ್ಲಿಗೆ ಹನ್ನೆರಡು ಅಡಿ. ತಟ್ಟೆ ಬಡಿದದ್ದು ನನಗೆ ಕೇಳಿಸಲಿಲ್ಲ. ಮಧುಶ್ರೀಗೆ ಮಹಡಿಯಲ್ಲಿ ಕೇಳಿಸಿತ್ತಂತೆ, ಆಂಟಿ ನೀರು ಹಿಡಿಯುತ್ತಿದ್ದಾರೆ ಎಂದುಕೊಂಡಳಂತೆ. ಆ ಮೆಷಿನ್ ಸದ್ದು ಮಾಡುತ್ತದೆ ಎನ್ನುವುದು ಅವಳು ಹೇಳಿ ನನಗೆ ಗೊತ್ತಾದದ್ದು. ಮೂರು ವರ್ಷದಿಂದ ಕಿವಿ ಕೇಳುವುದು ಕಡಿಮೆಯಾಗುತ್ತಾ ಬಂದಿದೆ. ಟೆಲಿಫೋನ್ ಇಲಾಖೆಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿಯಿಂದ ಅನ್ನ ತಿಂದವಳು, ಯಾರಿಗೆ ಹೇಳಲಿ ಎಂದು ಯಾರಿಗೂ ಹೇಳಲಿಲ್ಲ. ಸಿಗ್ನಲ್ ಇಲ್ಲ ಎಂದು ನಿನ್ನ ಫೋನ್ ಇಡುತ್ತಿದ್ದದ್ದು ಅದಕ್ಕೆ. ಏಪ್ರಿಲ್ 20ರಂದು ನೀನು ಹನ್ನೊಂದು ನಿಮಿಷ ಮಾತಾಡಿದೆ. ನಿನ್ನ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹೂಂ, ಹೂಂ ಎಂದೆ. ನೀನು ನಿಲ್ಲಿಸಿದಾಗ ಏನಾದರೂ ಹೇಳಬೇಕಲ್ಲ ಎಂದು ಮಾವಿನಕಾಯಿ ಉಪ್ಪಿನಕಾಯಿ ಹಾಕಿದ ಸುದ್ದಿ ಹೇಳಿದೆ. ಸಂಜೆ ನಿನ್ನ ಮೆಸೇಜು ಬಂತು, 'ಆಯ್ತು ಬಿಡಕ್ಕ, ನಿನ್ ಹತ್ರ ಹೇಳ್ಬಾರ್ದಿತ್ತು.' ನೀನು ಏನು ಹೇಳಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಲ್ಲುಮನಸ್ಸಿನವಳು ಎಂದು ನೀನು ತಿಳಿದರೂ ಸರಿ, ಕಿವುಡಿ ಎಂದು ತಿಳಿಯಬಾರದು ಎಂದುಕೊಂಡೆ. ಅಪ್ಪ ಕೊನೆಯ ವಾರ ಸಣ್ಣ ದನಿಯಲ್ಲಿ ಏನೇನೋ ಹೇಳಿದರು, ಅದರಲ್ಲಿ ಅರ್ಧ ಹೋಯಿತು. ಅವರಿಗೆ ಇನ್ನೊಮ್ಮೆ ಹೇಳಿ ಎನ್ನಲಾಗುವುದಿಲ್ಲ. ನಿನಗೆ ಹೇಳಬಹುದು. ಅವತ್ತು ಹೇಳಿದ್ದನ್ನೆಲ್ಲ ಬರೆದು ಕಳಿಸು, ದೊಡ್ಡ ಅಕ್ಷರ ಬೇಡ, ಕಣ್ಣು ಚೆನ್ನಾಗಿದೆ. ಇದೇ ವಾರ, 14ನೇ ತಾರೀಕು ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಜಯನಗರದಲ್ಲಿ ಕಿವಿ ಪರೀಕ್ಷೆ. ಮಧುಶ್ರೀ ಜೊತೆಗೆ ಬರುತ್ತಾಳೆ.